ಕಾನೂನು ತರಗತಿಗೆ ಸೋಷಿಯಲ್ ಮೀಡಿಯಾ: ಯಾವ ಆ್ಯಪ್ ಪಾಠಕ್ಕೆ ಒದಗುತ್ತದೆ, ಯಾವುದು ಕೈಕೊಡುತ್ತದೆ

ಕಾನೂನು ಕಾಲೇಜಿನ ಪ್ರತಿ ಸೆಮಿಸ್ಟರ್‌ಗೂ ಒಂದು ವಾಟ್ಸ್ಆ್ಯಪ್ ಗ್ರೂಪ್ ಇದ್ದೇ ಇರುತ್ತದೆ. ಪರೀಕ್ಷಾ ಶುಲ್ಕದ ಕೊನೆಯ ದಿನ, ಇಂಟರ್ನಲ್ಸ್ ವೇಳಾಪಟ್ಟಿ, ಹಬ್ಬದ ಶುಭಾಶಯ, ಎಲ್ಲಿಂದಲೋ ಬಂದ ನೋಟ್ಸಿನ ಪಿಡಿಎಫ್ ಎಲ್ಲವೂ ಅದರಲ್ಲೇ ಹರಿಯುತ್ತವೆ. ಇಷ್ಟಕ್ಕೇ ನಿಂತರೆ ಗೋಡೆಯ ನೋಟಿಸ್ ಬೋರ್ಡು ಜೇಬಿಗೆ ಇಳಿಯಿತು, ಅಷ್ಟೆ. ಆದರೆ ಕಾನೂನು ಮೇಷ್ಟ್ರಿಗೆ ಬೇರೆ ವಿಷಯದವರಿಗೆ ಸಿಗದ ಅನುಕೂಲ ಒಂದಿದೆ. ವಾಟ್ಸ್ಆ್ಯಪ್ ಚಾಟು, ಟ್ವೀಟು, ಯೂಟ್ಯೂಬ್ ವಿಡಿಯೊ ಇವತ್ತು ಕೋರ್ಟಿನಲ್ಲಿ ಸಾಕ್ಷ್ಯ, ನೋಟಿಸ್ ಜಾರಿಯ ದಾರಿ, ಅಪರಾಧ ನಡೆಯುವ ಜಾಗ, ರಿಟ್ ಅರ್ಜಿಯ ವಸ್ತು. ಪಾಠ ಮಾಡುವ ಸಾಧನವೇ ಪಾಠವೂ ಹೌದು.

ಆದ್ದರಿಂದ ಈ ಆ್ಯಪ್‌ಗಳನ್ನು ಮೂರು ಪ್ರಶ್ನೆ ಇಟ್ಟುಕೊಂಡು ನೋಡಿದ್ದೇವೆ. ಇದರಿಂದ ವಿದ್ಯಾರ್ಥಿ ವಕೀಲಿಯ ಯಾವ ಕೆಲಸ ಕಲಿಯುತ್ತಾನೆ? ಹಾಕಿದ್ದು ಸೆಮಿಸ್ಟರ್ ಕೊನೆಗೆ ಹುಡುಕಿದರೆ ಸಿಗುತ್ತದೆಯೇ? ಬಳಸಿದವರು ಕಾನೂನಿನ ತೊಡಕಿಗೆ ಸಿಕ್ಕಿಕೊಳ್ಳುವ ಸಂಭವ ಎಷ್ಟು?

ವಾಟ್ಸ್ಆ್ಯಪ್: ತಲುಪುವುದರಲ್ಲಿ ಮೊದಲು, ಉಳಿಸುವುದರಲ್ಲಿ ಕೊನೆ

ಫೋನ್ ಇರುವ ವಿದ್ಯಾರ್ಥಿಯಲ್ಲಿ ಈ ಆ್ಯಪ್ ಇರುತ್ತದೆ, ಹೊಸದಾಗಿ ಕಲಿಸಬೇಕಿಲ್ಲ. ಒಂದು ಗ್ರೂಪಿಗೆ 1024 ಜನ, ಒಂದು ಫೈಲ್ 2 ಜಿಬಿ ತನಕ, ಒಂದು ಪೋಲ್‌ಗೆ 12 ಆಯ್ಕೆ. ಕಾಲೇಜಿಗೆ ಇಷ್ಟು ಧಾರಾಳ ಸಾಕು. ಕೊರತೆ ಇರುವುದು ಬೇರೆ ಕಡೆ. ಬೆಳಿಗ್ಗೆ ಹಾಕಿದ ತೀರ್ಪು ಸಂಜೆಗೆ ನೂರು ಮೆಸೇಜಿನ ಕೆಳಗೆ ಹೋಗಿರುತ್ತದೆ. ತಡವಾಗಿ ಅಡ್ಮಿಷನ್ ಆದವರಿಗೆ ಹಿಂದೆ ಹಾಕಿದ ಪಾಠದ ಸಾಮಗ್ರಿ ತಾನಾಗಿ ಸಿಗುವುದಿಲ್ಲ. ಎಲ್ಲಕ್ಕಿಂತ ದೊಡ್ಡದು, ಸಾಮಾನ್ಯ ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ವಿದ್ಯಾರ್ಥಿನಿಯರಿಗೆ ಗುರುತಿಲ್ಲದ ನಂಬರಿನಿಂದ ಮೆಸೇಜು ಶುರುವಾಗುವುದು ಬಹಳ ಸಲ ಇಲ್ಲಿಂದಲೇ.

ಹೀಗಾಗಿ ಬರಿಯ ಗ್ರೂಪ್ ಮಾಡದೆ ಕಮ್ಯುನಿಟಿ ಮಾಡುವುದು ಒಳ್ಳೆಯದು. ಅದರ ಅನೌನ್ಸ್‌ಮೆಂಟ್ ವಿಭಾಗದಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬಹುದು, ಸದಸ್ಯರ ನಂಬರು ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ. ಅದರ ಕೆಳಗೆ ವಿಷಯಕ್ಕೊಂದು ಚಿಕ್ಕ ಗ್ರೂಪು: ಸಂವಿಧಾನ, ಸಾಕ್ಷ್ಯ, ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ). ಚಿಕ್ಕ ಗ್ರೂಪಿನಲ್ಲಿ ನಂಬರು ಕಾಣುತ್ತದೆಂಬುದನ್ನು ಮೊದಲೇ ಹೇಳಿ, ಒಪ್ಪಿದವರನ್ನಷ್ಟೇ ಸೇರಿಸಿ. ಸೆಟ್ಟಿಂಗ್ಸ್‌ನಲ್ಲಿ ಹೊಸ ಸದಸ್ಯರಿಗೆ ಅಡ್ಮಿನ್ ಒಪ್ಪಿಗೆ ಬೇಕೆಂಬುದನ್ನು ಆನ್ ಮಾಡಿ. ಸೇರುವ ಲಿಂಕ್ ಹೊರಗೆ ಹೋಯಿತೆಂದು ಅನುಮಾನ ಬಂದ ಕೂಡಲೇ ರಿಸೆಟ್ ಮಾಡಿ. ಒಂದು ಚಾಟಿನಲ್ಲಿ ಮೂರು ಮೆಸೇಜ್ ಪಿನ್ ಮಾಡಬಹುದು, ಗರಿಷ್ಠ 30 ದಿನ. ಆ ಮೂರು ಜಾಗವನ್ನು ಈ ವಾರದ ತೀರ್ಪು, ಈ ವಾರದ ಪ್ರಶ್ನೆ, ಸಲ್ಲಿಕೆಯ ದಿನಾಂಕ ಇವಕ್ಕೇ ಮೀಸಲಿಡಿ. ಡಿಸಪಿಯರಿಂಗ್ ಮೆಸೇಜ್ ಆಫ್ ಇದೆಯೇ ನೋಡಿ. 90 ದಿನಕ್ಕೆ ಇಟ್ಟರೂ ಸೆಮಿಸ್ಟರ್ ಕೊನೆಯಲ್ಲಿ ಮೊದಲ ತಿಂಗಳ ಪಾಠ ಇರುವುದಿಲ್ಲ.

ಐದು ವರ್ಷದ ಕೋರ್ಸಿನ ಮೊದಲ ವರ್ಷದಲ್ಲಿ 17 ತುಂಬಿ 18 ತುಂಬದ ವಿದ್ಯಾರ್ಥಿಗಳಿರುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ 18ರೊಳಗಿನವರು ಮಕ್ಕಳು, ಅವರ ದತ್ತಾಂಶಕ್ಕೆ ಪೋಷಕರ ಒಪ್ಪಿಗೆ ಬೇಕೆಂಬುದು ಅದರ ನಿಲುವು. ಅಡ್ಮಿಷನ್ ಫಾರ್ಮ್ ಜೊತೆಗೇ ಒಂದು ಪುಟದ ಒಪ್ಪಿಗೆ ಪತ್ರ ತೆಗೆದುಕೊಂಡರೆ ಕೆಲಸ ಮುಗಿಯಿತು.

ಅಡ್ಮಿನ್ ಆಗಲು ಹೆದರುವ ಅಧ್ಯಾಪಕರು ಇನ್ನೂ ಇದ್ದಾರೆ. ಸದಸ್ಯ ಹಾಕಿದ ಮೆಸೇಜಿಗೆ ಅಡ್ಮಿನ್ ಆದ ಮಾತ್ರಕ್ಕೇ ಹೊಣೆ ಬರುವುದಿಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಆ ಎರಡು ತೀರ್ಪುಗಳನ್ನೇ ಗ್ರೂಪಿನ ಮೊದಲ ಓದಾಗಿ ಹಾಕಬಹುದು.

ಕನ್ನಡದಲ್ಲಿ ನೋಟ್ಸ್ ಕೊಡುವವರಿಗೆ ಒಂದು ಮಾತು. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ನೇರ ಪೇಸ್ಟ್ ಮಾಡಿದರೆ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಹಳೆಯ ಫಾಂಟಿನ ಪಿಡಿಎಫ್ ಕಣ್ಣಿಗೆ ಸರಿ ಕಂಡರೂ ಅದರಲ್ಲಿ ‘ನಿರೀಕ್ಷಣಾ ಜಾಮೀನು’ ಎಂದು ಹುಡುಕಿದರೆ ಏನೂ ಸಿಗದು.

ಪಾಠಕ್ಕೆ ಇದನ್ನು ನಿಜವಾಗಿ ಒಗ್ಗಿಸುವ ಅಭ್ಯಾಸ ಕಕ್ಷಿದಾರರ ಸಂದರ್ಶನ. ಬಾರ್ ಕೌನ್ಸಿಲಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಪತ್ರಿಕೆಯಲ್ಲಿ ಮೂರು ಮೂಟ್‌ಗಳಿಗೆ 30 ಅಂಕ, ಒಂದು ಸಿವಿಲ್ ಒಂದು ಕ್ರಿಮಿನಲ್ ವಿಚಾರಣೆ ನೋಡಿ ಬರೆಯುವುದಕ್ಕೆ 30, ಸಂದರ್ಶನ ಕೌಶಲ ಮತ್ತು ಡೈರಿಗೆ 30, ಮೌಖಿಕಕ್ಕೆ 10. ಮೂರನೆಯ ಭಾಗ ಎಷ್ಟೋ ಕಡೆ ಡೈರಿಯಲ್ಲಿ ಬರೆದು ಮುಗಿಸುವ ಶಾಸ್ತ್ರವಾಗಿಬಿಟ್ಟಿದೆ. ವಾಟ್ಸ್ಆ್ಯಪ್ ಅದಕ್ಕೆ ಜೀವ ಕೊಡುತ್ತದೆ, ಏಕೆಂದರೆ ಈಗಿನ ಕಕ್ಷಿದಾರ ವಕೀಲರನ್ನು ಮೊದಲು ಸಂಪರ್ಕಿಸುವುದು ಬಹುಪಾಲು ಹೀಗೆಯೇ: ಒಂದು ವಾಯ್ಸ್ ನೋಟ್, ಅಡ್ಡಾದಿಡ್ಡಿ ತೆಗೆದ ಮೂರು ಫೋಟೊ, ‘ಸರ್, ಏನಾದ್ರೂ ಮಾಡಿ’.

ನಡೆಸುವ ಕ್ರಮ ಹೀಗೆ. ನಾಲ್ವರ ತಂಡ, ತಂಡಕ್ಕೊಂದು ಗ್ರೂಪು, ಅಧ್ಯಾಪಕರೇ ಕಕ್ಷಿದಾರ. ಚೆಕ್ ಬೌನ್ಸ್ ವಿಷಯ ತೆಗೆದುಕೊಳ್ಳಿ. ಎರಡು ನಿಮಿಷದ ವಾಯ್ಸ್ ನೋಟ್, ಚೆಕ್ಕಿನ ಫೋಟೊ, ಚೆಕ್ ವಾಪಸಾಯಿತೆಂದು ತಿಳಿಸುವ ಬ್ಯಾಂಕಿನ ಮೆಮೊದ ಫೋಟೊ ಕಳಿಸಿ. ಚೆಕ್ಕಿನ ದಿನಾಂಕ 2025ರ ಫೆಬ್ರವರಿ 3, ಮೆಮೊ ಕಕ್ಷಿದಾರರ ಕೈಗೆ ಬಂದದ್ದು ಮಾರ್ಚ್ 4 ಎಂದಿರಲಿ. ಮೆಮೊ ಯಾವತ್ತು ಕೈಗೆ ಬಂತೆಂಬುದನ್ನು ಮಾತ್ರ ಹೇಳಬೇಡಿ. ಕೇಳಿದರೆ ಹೇಳಿ. 45 ನಿಮಿಷ ಪ್ರಶ್ನೆಗೆ, ಮರುದಿನದೊಳಗೆ ಲೀಗಲ್ ನೋಟಿಸಿನ ಕರಡು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಲ್ಲಿ ನೋಟಿಸಿಗೆ ಇರುವ 30 ದಿನ ಓಡುವುದು ಬ್ಯಾಂಕಿನಿಂದ ಮಾಹಿತಿ ಸಿಕ್ಕ ದಿನದಿಂದ. ಹಾಗಾಗಿ ಕೊನೆಯ ದಿನ ಏಪ್ರಿಲ್ 3. ಚೆಕ್ಕಿನ ದಿನಾಂಕದಿಂದ ಎಣಿಸಿದ ತಂಡಕ್ಕೆ ಮಾರ್ಚ್ 5ಕ್ಕೇ ಅವಧಿ ಮುಗಿದಂತೆ ಕಾಣುತ್ತದೆ, ಕಕ್ಷಿದಾರರಿಗೆ ‘ಕೇಸು ನಿಲ್ಲುವುದಿಲ್ಲ’ ಎಂದುಬಿಡುತ್ತಾರೆ. ಈ ತಪ್ಪು ಕಪ್ಪುಹಲಗೆಯ ಮುಂದೆ ಹತ್ತು ಸಲ ಹೇಳಿದರೂ ಇಳಿಯದು. ಒಂದು ಸಲ ಕಕ್ಷಿದಾರರನ್ನು ಹಾಗೆ ವಾಪಸ್ ಕಳಿಸಿದವರು ಮರೆಯುವುದಿಲ್ಲ. ಅಂಕ ಕೊಡುವಾಗ ಕರಡಿಗಿಂತ ಚಾಟಿಗೆ ಹೆಚ್ಚು ತೂಕವಿರಲಿ: ಯಾವ ಪ್ರಶ್ನೆ ಕೇಳಿದರು, ಯಾವ ಕ್ರಮದಲ್ಲಿ ಕೇಳಿದರು, ಮೂಲ ಚೆಕ್ಕು ಎಲ್ಲಿದೆ ಎಂದು ವಿಚಾರಿಸಿದರೇ?

ಅದೇ ಚಾಟನ್ನು ಸಾಕ್ಷ್ಯ ಪಾಠಕ್ಕೆ ತಿರುಗಿಸುವುದು

ನಮ್ಮ ಮಟ್ಟಿಗೆ ಇಡೀ ವಿಮರ್ಶೆಯಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಇದು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಎಲೆಕ್ಟ್ರಾನಿಕ್ ದಾಖಲೆಗೆ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಇದ್ದ ಜಾಗದಲ್ಲಿ ಈಗ 63ನೇ ಕಲಮು. ಅಂಥ ದಾಖಲೆಯ ಜೊತೆ ಕೊಡಬೇಕಾದ ಪ್ರಮಾಣಪತ್ರಕ್ಕೆ ಎರಡು ಭಾಗ: ಎ ಭಾಗವನ್ನು ದಾಖಲೆ ಹಾಜರುಪಡಿಸುವವರು ತುಂಬಬೇಕು, ಬಿ ಭಾಗವನ್ನು ತಜ್ಞರು. ಸಾಧನದ ಮೇಕ್, ಮಾಡೆಲ್, ಬಣ್ಣ, ಸೀರಿಯಲ್ ನಂಬರ್, ಐಎಂಇಐ ಬರೆಯಬೇಕು, ಫೈಲಿನ ಹ್ಯಾಶ್ ಮೌಲ್ಯ (ಫೈಲಿನಿಂದ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಗುರುತು) ನಮೂದಿಸಬೇಕು. ಪ್ರಮಾಣಪತ್ರ ಕಡ್ಡಾಯ ಎಂಬ ವಾದವಿವಾದ 2014ರ ಅನ್ವರ್ ಪಿ.ವಿ. ತೀರ್ಪಿನಿಂದ 2020ರ ಅರ್ಜುನ್ ಪಂಡಿತ್‌ರಾವ್ ಖೋಟ್ಕರ್ ತೀರ್ಪಿನ ತನಕ ಹೇಗೆ ನಡೆಯಿತೆಂದು ಉಪನ್ಯಾಸದಲ್ಲಿ ಹೇಳಬಹುದು. ಹ್ಯಾಶ್ ಎಂದರೇನೆಂದು ಬಾಯಲ್ಲಿ ಹೇಳಿದರೆ ಯಾರಿಗೂ ಹತ್ತುವುದಿಲ್ಲ. ಕೈಯಲ್ಲಿ ಮಾಡಿಸಬೇಕು.

ಸಂದರ್ಶನದ ಚಾಟನ್ನೇ ತೆರೆಯಿರಿ. ಮೂರು ಚುಕ್ಕೆ, ಮೋರ್, ಎಕ್ಸ್‌ಪೋರ್ಟ್ ಚಾಟ್. ಮೀಡಿಯಾ ಬೇಡವೆಂದರೆ ಒಂದು ಟೆಕ್ಸ್ಟ್ ಫೈಲ್ ಸಿಗುತ್ತದೆ. ಗ್ರೂಪಿನಲ್ಲಿ ಅಡ್ವಾನ್ಸ್‌ಡ್ ಚಾಟ್ ಪ್ರೈವಸಿ ಆನ್ ಇದ್ದರೆ ಎಕ್ಸ್‌ಪೋರ್ಟ್ ಆಗುವುದಿಲ್ಲ, ಮೊದಲೇ ನೋಡಿಕೊಳ್ಳಿ. ಫೈಲನ್ನು ಲ್ಯಾಬಿನ ವಿಂಡೋಸ್ ಕಂಪ್ಯೂಟರಿಗೆ ಹಾಕಿ, ಕಮಾಂಡ್ ಪ್ರಾಂಪ್ಟಿನಲ್ಲಿ ಸರ್ಟ್‌ಯುಟಿಲ್ ಆಜ್ಞೆಗೆ ಹ್ಯಾಶ್‌ಫೈಲ್ ಆಯ್ಕೆ, ಫೈಲಿನ ಹೆಸರು, ಕೊನೆಗೆ ಎಸ್‌ಎಚ್‌ಎ256 ಎಂದು ಕೊಡಿ. 64 ಅಕ್ಷರದ ಒಂದು ಸಾಲು ಬರುತ್ತದೆ. ಕೊನೆಯ ಪದ ಮರೆತರೆ ಅದು ಎಸ್‌ಎಚ್‌ಎ1 ಲೆಕ್ಕ ಹಾಕಿ 40 ಅಕ್ಷರ ಕೊಡುತ್ತದೆ. ಪ್ರಮಾಣಪತ್ರದಲ್ಲಿ ಯಾವ ವಿಧಾನವೆಂದು ಗುರುತು ಹಾಕಬೇಕಾದ್ದರಿಂದ ಈ ಗೊಂದಲವೂ ಪಾಠವೇ.

ಈಗ ಫೈಲ್ ತೆರೆದು ಒಂದೇ ಒಂದು ಸ್ಪೇಸ್ ಸೇರಿಸಿ ಸೇವ್ ಮಾಡಿಸಿ, ಮತ್ತೆ ಹ್ಯಾಶ್ ತೆಗೆಸಿ. ಸಾಲು ಪೂರ್ತಿ ಬೇರೆಯಾಗಿರುತ್ತದೆ. ತರಗತಿಯಲ್ಲಿ ಆ ಕ್ಷಣಕ್ಕೆ ಒಂದು ನಿಶ್ಶಬ್ದ ಬರುತ್ತದೆ, ಅದಾದ ಮೇಲೆ 63ನೇ ಕಲಮನ್ನು ವಿವರಿಸುವ ಶ್ರಮ ಅರ್ಧ ಇಳಿಯುತ್ತದೆ. ಮುಂದಿನದು ಫೋಟೊ. ಚೆಕ್ಕಿನ ಮೂಲ ಫೋಟೊದ ಹ್ಯಾಶ್ ಬರೆದುಕೊಳ್ಳಿ. ಅದನ್ನು ವಾಟ್ಸ್ಆ್ಯಪಿನಲ್ಲಿ ಫೋಟೊ ಆಗಿ ಕಳಿಸಿ, ಇನ್ನೊಂದು ಸಲ ಡಾಕ್ಯುಮೆಂಟ್ ಆಗಿ ಕಳಿಸಿ, ಎರಡನ್ನೂ ಪಡೆದವರ ಫೋನಿನಿಂದ ತೆಗೆದು ನೋಡಿ. ಫೋಟೊ ಆಗಿ ಹೋದದ್ದನ್ನು ಆ್ಯಪ್ ಕುಗ್ಗಿಸಿರುತ್ತದೆ, ಕ್ಯಾಮೆರಾ ಬರೆದಿಟ್ಟ ವಿವರವೂ ಹೋಗಿರುತ್ತದೆ, ಹ್ಯಾಶ್ ತಾಳೆಯಾಗದು. ಡಾಕ್ಯುಮೆಂಟ್ ಆಗಿ ಹೋದದ್ದು ತಾಳೆಯಾಗುತ್ತದೆ. ‘ಫೋಟೊ ಡಾಕ್ಯುಮೆಂಟ್ ಆಗಿ ಕಳಿಸಿ’ ಎಂದು ಕಕ್ಷಿದಾರರಿಗೆ ಹೇಳುವ ಅಭ್ಯಾಸ ಇಲ್ಲಿಂದಲೇ ಬರಬೇಕು.

ಎಕ್ಸ್‌ಪೋರ್ಟ್ ಫೈಲಿನಲ್ಲಿ ಪಾಟಿ ಸವಾಲಿಗೆ ಬೇಕಾದ ಸಾಮಗ್ರಿ ತುಂಬಿರುತ್ತದೆ. ಕಳಿಸಿದವರ ಹೆಸರು ಎಕ್ಸ್‌ಪೋರ್ಟ್ ಮಾಡಿದವರ ಫೋನಿನಲ್ಲಿ ಸೇವ್ ಆದಂತೆ ಬರುತ್ತದೆ. ಯಾರದೋ ನಂಬರನ್ನು ‘ಆರೋಪಿ’ ಎಂದು ಸೇವ್ ಮಾಡಿಕೊಂಡಿದ್ದರೆ ಫೈಲಿನಲ್ಲೂ ‘ಆರೋಪಿ’ ಎಂದೇ ಇರುತ್ತದೆ. ದಿನಾಂಕದ ಕ್ರಮ ಫೋನಿನ ಸೆಟ್ಟಿಂಗಿನಂತೆ, ಹಾಗಾಗಿ 04/03 ಮಾರ್ಚ್ ನಾಲ್ಕೋ ಏಪ್ರಿಲ್ ಮೂರೋ ತಿಳಿಯದು. ಮೇಲೆ ಹೇಳಿದ ಚೆಕ್ ಪ್ರಕರಣದಲ್ಲಿ ಇವೆರಡೂ ನಿರ್ಣಾಯಕ ದಿನಗಳೇ ಎಂಬುದನ್ನು ಗಮನಿಸಿ. ಅಳಿಸಿದ ಮೆಸೇಜಿನ ಜಾಗದಲ್ಲಿ ಅಳಿಸಲಾಗಿದೆ ಎಂಬ ಸಾಲು ಮಾತ್ರ ಉಳಿಯುತ್ತದೆ. ಹೆಬ್ಬೆರಳಿನಂಥ ರಿಯಾಕ್ಷನ್‌ಗಳು ಬರುವುದೇ ಇಲ್ಲ, ‘ಒಪ್ಪಿಗೆ ಕೊಟ್ಟಿದ್ದ’ ಎಂದು ವಾದಿಸುವವರಿಗೆ ಅದೇ ಬೇಕಾಗಿರುತ್ತದೆ. ಒಂದು ತಂಡ ಮುಖ್ಯ ವಿಚಾರಣೆ, ಇನ್ನೊಂದು ತಂಡ ಪಾಟಿ ಸವಾಲು, ತಲಾ 15 ನಿಮಿಷ ಸಾಕು.

ನೀಲಿ ಟಿಕ್ಕಿಗೂ ಅರ್ಧ ಗಂಟೆ ಕೊಡಿ. 2018ರಲ್ಲಿ ಎಸ್‌ಬಿಐ ಕಾರ್ಡ್ಸ್ ವಿರುದ್ಧ ರೋಹಿದಾಸ್ ಜಾಧವ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ವಾಟ್ಸ್ಆ್ಯಪಿನಲ್ಲಿ ಕಳಿಸಿದ ನೋಟಿಸ್ ತಲುಪಿದೆ, ತೆರೆದೂ ನೋಡಿದ್ದಾರೆ ಎಂದು ಟಿಕ್ ಗುರುತಿನ ಮೇಲೆ ಒಪ್ಪಿತು. 2025ರ ಜನವರಿ 21ರಂದು ಸತೇಂದರ್ ಕುಮಾರ್ ಅಂತಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾಯ್ದೆ) 35ನೇ ಕಲಮಿನ ಪೊಲೀಸ್ ನೋಟಿಸನ್ನು ವಾಟ್ಸ್ಆ್ಯಪಿನಲ್ಲಿ ಕೊಟ್ಟರೆ ಸಾಲದು ಎಂದಿತು. ಒಂದು ಹಣ ವಸೂಲಿಯದು, ಇನ್ನೊಂದು ವ್ಯಕ್ತಿಯ ಸ್ವಾತಂತ್ರ್ಯಕ್ಕೆ ತಾಗುವುದು. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳೇ ಹುಡುಕಲಿ. ವೈಯಕ್ತಿಕ ಚಾಟಿನಲ್ಲಿ ರೀಡ್ ರಿಸೀಟ್ ಆಫ್ ಮಾಡಿದವರಿಗೆ ನೀಲಿ ಬೀಳುವುದೇ ಇಲ್ಲ, ಗ್ರೂಪಿನಲ್ಲಿ ಅದನ್ನು ಆಫ್ ಮಾಡಲು ಬರುವುದಿಲ್ಲ ಎಂಬುದೂ ಚರ್ಚೆಗೆ ಬರಲಿ.

ಫಾರ್ವರ್ಡ್‌ಗಳನ್ನೂ ವಾರಕ್ಕೊಂದರಂತೆ ಬಳಸಿಕೊಳ್ಳಬಹುದು. ‘ಇಂಡಿಯನ್ ಸೀರೀಸ್ ಆ್ಯಕ್ಟ್ 1887ರ ಪ್ರಕಾರ ಯಾವ ಹೋಟೆಲಿಗೆ ಬೇಕಾದರೂ ಹೋಗಿ ನೀರು ಕುಡಿಯಬಹುದು, ಶೌಚಾಲಯ ಬಳಸಬಹುದು’ ಎಂಬುದು ವರ್ಷಗಳಿಂದ ಸುತ್ತುತ್ತಿದೆ. ಅಂಥ ಹೆಸರಿನ ಕಾಯ್ದೆಯೇ ಇಲ್ಲ, ಇರುವುದು 1867ರ ಸರಾಯ್ಸ್ ಆ್ಯಕ್ಟ್. ಅದರ 7ನೇ ಕಲಮಿನಲ್ಲಿ ಛತ್ರ ನಡೆಸುವವರ ಕರ್ತವ್ಯಗಳಿವೆ, ದಾರಿಹೋಕರಿಗೆ ಉಚಿತ ನೀರಿನ ಹಕ್ಕು ಕಾಣುವುದಿಲ್ಲ. ಕೆಲಸ ಇಷ್ಟೇ: ಕಾಯ್ದೆಯ ನಿಜವಾದ ಹೆಸರು, ಈಗಿನ ಸ್ಥಿತಿ ಸರ್ಕಾರದ ಕಾಯ್ದೆಗಳ ಜಾಲತಾಣ ಇಂಡಿಯಾ ಕೋಡ್‌ನಲ್ಲಿ ಏನಿದೆ, ಕಲಮಿನ ಪಠ್ಯ, ಫಾರ್ವರ್ಡ್‌ನಲ್ಲಿ ಎಲ್ಲಿ ಜಾರಿದೆ. 150 ಪದಗಳಲ್ಲಿ, ಕನ್ನಡದಲ್ಲಿ.

ವಾಟ್ಸ್ಆ್ಯಪಿಗೆ ನಮ್ಮ ಅಂಕ 10ಕ್ಕೆ 7. ಸಾಮಗ್ರಿ ಸಂಗ್ರಹಕ್ಕೆ ಬಳಸಿದರೆ 3.

ಟೆಲಿಗ್ರಾಂ: ಕ್ವಿಜ್ ಚಿನ್ನ, ಪಿಡಿಎಫ್ ಕೆಂಡ

ಹೊಸಬರಿಗೂ ಹಳೆಯದೆಲ್ಲ ಕಾಣುವಂತೆ ಇಡಬಹುದು, ಗ್ರೂಪಿನೊಳಗೆ ವಿಷಯವಾರು ಟಾಪಿಕ್ ಮಾಡಬಹುದು, ಹುಡುಕಾಟ ಚುರುಕು, ಪ್ರೈವಸಿ ಸೆಟ್ಟಿಂಗಿನಲ್ಲಿ ಫೋನ್ ನಂಬರು ಯಾರಿಗೂ ಕಾಣದಂತೆ ಮಾಡಬಹುದು. ವಾಟ್ಸ್ಆ್ಯಪ್ ಸೋಲುವ ಕಡೆಯೆಲ್ಲ ಇದು ಗೆಲ್ಲುತ್ತದೆ. ತರಗತಿಗೆ ಇದರ ಮುಖ್ಯ ಆಸ್ತಿ ಕ್ವಿಜ್ ಮೋಡ್: ಪೋಲ್ ಮಾಡುವಾಗ ಕ್ವಿಜ್ ಆರಿಸಿ ಸರಿಯುತ್ತರ ಗುರುತಿಸಿದರೆ ತಪ್ಪೊತ್ತಿದವರಿಗೆ ಕೂಡಲೇ ವಿವರಣೆ ಕಾಣುತ್ತದೆ, ಉತ್ತರ ಬದಲಿಸಲು ಬರುವುದಿಲ್ಲ.

ವಿವರಣೆಗೆ ಸಿಗುವುದು 200 ಅಕ್ಷರ, ಆಯ್ಕೆಗೆ 100. ಕನ್ನಡದಲ್ಲಿ ಇದು ಬೇಗ ತೀರುತ್ತದೆ, ಏಕೆಂದರೆ ಒತ್ತಕ್ಷರ, ಸ್ವರಚಿಹ್ನೆಗಳೆಲ್ಲ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದಕ್ಷರ, ಯೂನಿಕೋಡಿಗೆ ಆರು. ಆದ್ದರಿಂದ ವಿವರಣೆಯಲ್ಲಿ ಕಲಮಿನ ಸಂಖ್ಯೆ ಮತ್ತು ಒಂದೇ ಕಾರಣ ಬರೆಯಿರಿ. ಒಳ್ಳೆಯ ಪ್ರಶ್ನೆಗೆ ಉದಾಹರಣೆ: ಕಳ್ಳತನ ನಡೆದದ್ದು 2024ರ ಜೂನ್ 28, ಎಫ್‌ಐಆರ್ ಆದದ್ದು ಜುಲೈ 3. ಯಾವ ಅಪರಾಧ ಕಾಯ್ದೆ, ಯಾವ ಪ್ರಕ್ರಿಯಾ ಕಾಯ್ದೆ? ಐಪಿಸಿ ಮತ್ತು ಬಿಎನ್‌ಎಸ್‌ಎಸ್ ಎಂಬುದು ಉತ್ತರ. ಹೊಸ ಕಾಯ್ದೆಗಳು ಜಾರಿಯಾದದ್ದು ಜುಲೈ 1ಕ್ಕೆ: ಕೃತ್ಯದ ದಿನದ ಅಪರಾಧ ಕಾನೂನು, ದಾಖಲಾದ ದಿನದ ಪ್ರಕ್ರಿಯೆ. ನಾಲ್ಕು ಆಯ್ಕೆಯಲ್ಲಿ ‘ಬಿಎನ್‌ಎಸ್ (ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ) ಮತ್ತು ಬಿಎನ್‌ಎಸ್‌ಎಸ್’ ಇರಲೇಬೇಕು, ಹೆಚ್ಚಿನವರು ಅಲ್ಲೇ ಜಾರುತ್ತಾರೆ. ಐಪಿಸಿ 302 ಯಾವ ಕಲಮಾಯಿತು ಎಂಬಂಥ ಬಾಯಿಪಾಠದ ಪ್ರಶ್ನೆಗೆ ಈ ಸಾಧನ ವ್ಯರ್ಥ. ಚಾನೆಲ್‌ನಲ್ಲಿ ಕ್ವಿಜ್ ಹಾಕಿದರೆ ಯಾರು ಏನು ಒತ್ತಿದರೆಂದು ತಿಳಿಯದು. ಯಾರಿಗೆ ಎಲ್ಲಿ ತೊಡಕೆಂದು ನೋಡಬೇಕಿದ್ದರೆ ಗ್ರೂಪಿನಲ್ಲಿ, ಅನಾಮಧೇಯ ಆಯ್ಕೆ ತೆಗೆದು ಹಾಕಬೇಕು. ನಾಚಿಕೆಯ ವಿದ್ಯಾರ್ಥಿಗಳಿಗೆ ಅನಾಮಧೇಯವೇ ಹಿತ. ಅಂಕಕ್ಕೆ ಸೇರಿಸದಿದ್ದರೆ ಅದನ್ನೇ ಇಡಿ.

ಇನ್ನು ಅಪಾಯ. ಪುಸ್ತಕಗಳ ಸ್ಕ್ಯಾನ್, ಕೋಚಿಂಗ್ ವಿಡಿಯೊ ಸುರಿಯುವ ಚಾನೆಲ್‌ಗಳು ಇಲ್ಲಿ ಹೇರಳ, ವಿದ್ಯಾರ್ಥಿಗಳು ಅದನ್ನೇ ತರಗತಿಯ ಗ್ರೂಪಿಗೆ ತರುತ್ತಾರೆ. ನೀತು ಸಿಂಗ್ ವಿರುದ್ಧ ಟೆಲಿಗ್ರಾಂ ಪ್ರಕರಣದಲ್ಲಿ ಕೋಚಿಂಗ್ ಅಧ್ಯಾಪಕಿಯೊಬ್ಬರ ಪುಸ್ತಕ, ಉಪನ್ಯಾಸಗಳು ಹೀಗೇ ಹಂಚಿಕೆಯಾಗಿದ್ದವು. 2022ರ ಆಗಸ್ಟ್ 30ರಂದು ದೆಹಲಿ ಹೈಕೋರ್ಟ್ ಆ ಚಾನೆಲ್‌ಗಳ ಹಿಂದಿರುವವರ ವಿವರ ಕೊಡುವಂತೆ ಟೆಲಿಗ್ರಾಂಗೆ ಆದೇಶಿಸಿತು. ಗುಂಪಿನ ನೆರಳಲ್ಲಿ ಯಾರಿಗೂ ಗೊತ್ತಾಗದು ಎಂಬ ಧೈರ್ಯಕ್ಕೆ ಅಲ್ಲೇ ಉತ್ತರವಿದೆ.

ತೀರ್ಪಿನ ವಿಷಯದಲ್ಲಿ ಗೆರೆ ಸ್ಪಷ್ಟ. ಹಕ್ಕುಸ್ವಾಮ್ಯ ಕಾಯ್ದೆಯ 52(1)(ಕ್ಯೂ) ಪ್ರಕಾರ ಕೋರ್ಟಿನ ತೀರ್ಪನ್ನು, ಕೋರ್ಟೇ ನಿಷೇಧಿಸದಿದ್ದರೆ, ಪುನಃ ಪ್ರಕಟಿಸಬಹುದು. ಆದರೆ ಲಾ ರಿಪೋರ್ಟಿನವರು ಬರೆದ ಹೆಡ್‌ನೋಟ್ (ತೀರ್ಪಿನ ತಲೆಗೆ ಹಾಕುವ ಸಾರಾಂಶ), ಟಿಪ್ಪಣಿ ಅವರ ಸ್ವತ್ತು. ಈಸ್ಟರ್ನ್ ಬುಕ್ ಕಂಪನಿ ವಿರುದ್ಧ ಡಿ.ಬಿ. ಮೋದಕ್ ಪ್ರಕರಣದಲ್ಲಿ 2007ರಲ್ಲೇ ಇದು ತೀರ್ಮಾನವಾಗಿದೆ. ಆದ್ದರಿಂದ ವರದಿಯ ಪುಟ ಸ್ಕ್ಯಾನ್ ಮಾಡಬೇಡಿ. 2023ರ ಜನವರಿಯಿಂದ ಉಚಿತವಾಗಿರುವ, ಸುಪ್ರೀಂ ಕೋರ್ಟಿನ ತೀರ್ಪುಗಳ ಆನ್‌ಲೈನ್ ಸಂಗ್ರಹ ಇ-ಎಸ್‌ಸಿಆರ್‌ನಿಂದ ತೀರ್ಪು ತೆಗೆದು ನ್ಯೂಟ್ರಲ್ ಸೈಟೇಷನ್ (ಕೋರ್ಟೇ ಕೊಡುವ ಗುರುತು ಸಂಖ್ಯೆ) ಜೊತೆ ಹಾಕಿ. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಅಲ್ಲಿದೆ. ಕನ್ನಡದಲ್ಲಿ ಓದುವವರಿಗೆ ಎರಡನ್ನೂ ಒಟ್ಟಿಗೆ ಕೊಟ್ಟರೆ ಪರಿಭಾಷೆ ತಾನಾಗಿ ಹಿಡಿತಕ್ಕೆ ಬರುತ್ತದೆ. ಪಾಠದ ಅಗತ್ಯಕ್ಕೆ ಪುಸ್ತಕದ ಭಾಗವನ್ನು ಪ್ರತಿ ಮಾಡುವುದಕ್ಕೆ 52(1)(ಐ) ಆಸರೆಯಿದೆ, 2016ರ ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಪ್ರಕರಣ ಅದನ್ನು ವಿಶಾಲವಾಗಿ ಓದಿತು. ಆ ಆಸರೆ ಇರುವುದು ಅಧ್ಯಾಪಕ ಮತ್ತು ವಿದ್ಯಾರ್ಥಿಯ ನಡುವಿನ ಪಾಠಕ್ಕೆ. ಊರಿಗೆಲ್ಲ ತೆರೆದ ಚಾನೆಲ್‌ಗೆ ಅದು ನೆರಳಾಗುತ್ತದೆಂದು ನಂಬಬೇಡಿ.

ಯೂಟ್ಯೂಬ್: ಕೋರ್ಟೇ ತರಗತಿಗೆ ಬಂದಂತೆ

ನೇರಪ್ರಸಾರದ ಕಥೆ ಶುರುವಾದದ್ದೇ ಒಬ್ಬ ಕಾನೂನು ವಿದ್ಯಾರ್ಥಿಯಿಂದ. ಇಂಟರ್ನ್‌ಗಳಿಗೆ ಕೆಲವು ದಿನ ಕೋರ್ಟ್ ಹಾಲಿಗೆ ಪ್ರವೇಶವಿಲ್ಲದ್ದನ್ನು ಎತ್ತಿ ಸ್ವಪ್ನಿಲ್ ತ್ರಿಪಾಠಿ ಸುಪ್ರೀಂ ಕೋರ್ಟಿಗೆ ಹೋದರು. 2018ರ ಸೆಪ್ಟೆಂಬರ್ 26ರ ತೀರ್ಪು ನೇರಪ್ರಸಾರಕ್ಕೆ ಬಾಗಿಲು ತೆರೆಯಿತು. ಸಂವಿಧಾನ ಪೀಠದ ವಿಚಾರಣೆಗಳು 2022ರ ಸೆಪ್ಟೆಂಬರ್ 27ರಿಂದ ಪ್ರಸಾರವಾಗುತ್ತಿವೆ. ಕರ್ನಾಟಕ ಹೈಕೋರ್ಟಿನ ನೇರಪ್ರಸಾರ ನಿಯಮಗಳು 2022ರ ಜನವರಿ 1ರಿಂದ ಜಾರಿಯಲ್ಲಿವೆ. ಬೆಂಗಳೂರಿಗೆ ಹೋಗಿ ಬರಲು ಎರಡು ದಿನ ಹಿಡಿಯುವ ಊರಿನ ಕಾಲೇಜಿಗೆ ಇದಕ್ಕಿಂತ ದೊಡ್ಡ ಕೊಡುಗೆ ಇನ್ನೊಂದಿಲ್ಲ.

ಆದರೂ ಇದನ್ನು ಹೆಚ್ಚಿನ ಕಡೆ ಹಾಳುಮಾಡುವ ರೀತಿ ಒಂದೇ: ಒಂದು ಗಂಟೆಯ ವಿಡಿಯೊ ಹಚ್ಚಿ ಕೂರುವುದು. ಮೊದಲ ಹತ್ತು ನಿಮಿಷ ಪಾಸ್‌ಓವರ್ (ಅದೇ ದಿನ ಸ್ವಲ್ಪ ಹೊತ್ತಿನ ಮೇಲೆ ಕರೆಯಿರಿ ಎಂಬ ಕೋರಿಕೆ), ಮುಂದೂಡಿಕೆ, ಮ್ಯೂಟ್ ತೆಗೆಯಿರಿ ಎಂಬ ಮಾತುಗಳಲ್ಲೇ ಹೋಗುತ್ತವೆ. ಅಧ್ಯಾಪಕರು ಮೊದಲೇ ನೋಡಿ 12ರಿಂದ 15 ನಿಮಿಷದ ಒಂದು ತುಂಡು ಆರಿಸಬೇಕು. ಆ ತುಂಡನ್ನು ಕತ್ತರಿಸಬಾರದು. ಶೇರ್ ಒತ್ತಿ ‘ಸ್ಟಾರ್ಟ್ ಅಟ್’ ಗುರುತು ಹಾಕಿ ಆ ಸಮಯದ ಲಿಂಕ್ ತೆಗೆಯಿರಿ. ಕಾರಣ ನಿಯಮದಲ್ಲೇ ಇದೆ: ಅನುಮತಿಯಿಲ್ಲದೆ ರೆಕಾರ್ಡ್ ಮಾಡುವಂತಿಲ್ಲ, ಹಂಚುವಂತಿಲ್ಲ. ತರಬೇತಿ, ಶಿಕ್ಷಣಕ್ಕಾಗಿ ಅಧಿಕೃತ ರೆಕಾರ್ಡಿಂಗಿಗೆ ಕೋರ್ಟ್ ಅನುಮತಿ ಕೊಟ್ಟರೂ ಅದನ್ನು ತಿದ್ದದೆ ಬಳಸಬೇಕು. 2024ರ ಸೆಪ್ಟೆಂಬರಿನಲ್ಲಿ ವಿಚಾರಣೆಯ ತುಣುಕುಗಳು ಹರಿದಾಡಿ ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ವಿಷಯ ಕೈಗೆತ್ತಿಕೊಂಡಿತು. ಕರ್ನಾಟಕ ಹೈಕೋರ್ಟ್ ನೇರಪ್ರಸಾರದ ವಿಡಿಯೊ ಕತ್ತರಿಸಿ ಹಾಕದಂತೆ ಕೆಲವು ಯೂಟ್ಯೂಬ್ ಚಾನೆಲ್‌ಗಳಿಗೆ ತಡೆ ಹಾಕಿತು. ತರಗತಿಯ ಗ್ರೂಪಿಗೆ 30 ಸೆಕೆಂಡಿನ ‘ಖಡಕ್ ಜಡ್ಜ್’ ಕ್ಲಿಪ್ ಹಾಕುವ ವಿದ್ಯಾರ್ಥಿಗೆ ಇದನ್ನು ಮೊದಲ ದಿನವೇ ಹೇಳಬೇಕು. ಲಿಂಕ್ ನಾಳೆಯೂ ತೆರೆಯುತ್ತದೆಂಬ ಖಾತ್ರಿ ಇಟ್ಟುಕೊಳ್ಳದೆ ತರಗತಿಯ ಹಿಂದಿನ ದಿನ ಒತ್ತಿ ನೋಡಿ.

ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ವಾದಗಳಿಗೆ ಲಿಖಿತ ಟ್ರಾನ್ಸ್‌ಕ್ರಿಪ್ಟ್ ಕೂಡ 2023ರಿಂದ ಕೋರ್ಟಿನ ವೆಬ್‌ಸೈಟಿನಲ್ಲಿ ಬರುತ್ತಿದೆ. ಇವೆರಡನ್ನೂ ಜೋಡಿಸಿದ ಅಭ್ಯಾಸ ಮೂಟ್ ತಯಾರಿಗೆ ಬಹಳ ಉಪಯುಕ್ತ. ಚುನಾವಣಾ ಬಾಂಡ್ ಪ್ರಕರಣ ಅನುಕೂಲಕರ: ವಾದ ನಡೆದದ್ದು ಮೂರೇ ದಿನ, 2023ರ ಅಕ್ಟೋಬರ್ 31ರಿಂದ ನವೆಂಬರ್ 2. ತೀರ್ಪು 2024ರ ಫೆಬ್ರವರಿ 15, ಸೈಟೇಷನ್ 2024 ಐಎನ್‌ಎಸ್‌ಸಿ 113. ಪ್ರತಿ ವಿದ್ಯಾರ್ಥಿಯೂ ಪೀಠ ಕೇಳಿದ ಒಂದು ಪ್ರಶ್ನೆ ಆರಿಸಲಿ. ವಿಡಿಯೊದ ಸಮಯ, ಟ್ರಾನ್ಸ್‌ಕ್ರಿಪ್ಟಿನ ಪುಟ, ವಕೀಲರ ಉತ್ತರ, ಕೊನೆಗೆ ಆ ಪ್ರಶ್ನೆಗೆ ತೀರ್ಪಿನ ಯಾವ ಪ್ಯಾರಾದಲ್ಲಿ ಉತ್ತರವಿದೆ ಎಂಬುದು: ಈ ನಾಲ್ಕು ವಿವರ, ಎಲ್ಲ ಸೇರಿ ಎರಡು ಪುಟ ಮೀರಬಾರದು. ಟ್ರಾನ್ಸ್‌ಕ್ರಿಪ್ಟ್ ಎಐ ಸಹಾಯದಿಂದ ತಯಾರಾಗುವುದರಿಂದ ಹೆಸರು, ಲ್ಯಾಟಿನ್ ಪದ ತಪ್ಪಾಗಿರಬಹುದು. ಕಿವಿಗೊಟ್ಟು ಕೇಳಿ ತಿದ್ದುವುದಕ್ಕೇ ಎರಡು ಅಂಕ ಇಡಿ. ತೀರ್ಪು ಮಾತ್ರ ಓದಿದವರು ನ್ಯಾಯಮೂರ್ತಿಗಳ ಪ್ರಶ್ನೆ ಎಂದರೆ ಅಡ್ಡಿ ಎಂದುಕೊಳ್ಳುತ್ತಾರೆ. ಹೀಗೆ ಓದಿದವರಿಗೆ ಅದು ದಾರಿತೋರಿಸುವ ಗುರುತಾಗಿ ಕಾಣುತ್ತದೆ.

ಒಂದು ಮಿತಿ. ವೈವಾಹಿಕ ವ್ಯಾಜ್ಯ, ಲೈಂಗಿಕ ಅಪರಾಧ, ಪೋಕ್ಸೊ ಮುಂತಾದವು ಪ್ರಸಾರವಾಗುವುದಿಲ್ಲ. ಸಾಕ್ಷಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ನಡೆಸುವ ವಿಚಾರಣಾ ನ್ಯಾಯಾಲಯದ ಕೆಲಸ ಹೈಕೋರ್ಟಿನ ವಿಡಿಯೊದಲ್ಲಿ ಸಿಗದು. ಬಾರ್ ಕೌನ್ಸಿಲ್ ಹೇಳಿದ ಎರಡು ವಿಚಾರಣೆಗಳ ವೀಕ್ಷಣೆಗೆ ತಾಲ್ಲೂಕು ಕೋರ್ಟಿಗೇ ಹೋಗಬೇಕು.

ಅಧ್ಯಾಪಕರೇ ಪಾಠದ ವಿಡಿಯೊ ಹಾಕುವುದಾದರೆ ಅನ್‌ಲಿಸ್ಟೆಡ್ ಇಡಿ. ಫೋನ್ ನಂಬರ್ ದೃಢೀಕರಿಸದ ಖಾತೆಗೆ 15 ನಿಮಿಷದ ಮಿತಿಯಿದೆ, ನಿಜ ಹೇಳಬೇಕೆಂದರೆ ಪಾಠಕ್ಕೂ ಅಷ್ಟೇ ಸಾಕು. ವಿವರಣೆಯಲ್ಲಿ 00:00ರಿಂದ ಶುರುಮಾಡಿ ಕನಿಷ್ಠ ಮೂರು ಸಮಯ ಬರೆದರೆ ಅಧ್ಯಾಯಗಳಾಗಿ ಒಡೆಯುತ್ತದೆ. ಅಂಕ: 9.

ಎಕ್ಸ್ (ಹಿಂದಿನ ಟ್ವಿಟರ್): ಓದಲು ಕೊಡಿ, ಬರೆಯಲು ಬೇಡ

ತೀರ್ಪು ಬಂದ ಗಳಿಗೆಯಲ್ಲೇ ವಕೀಲರು, ಪತ್ರಕರ್ತರು ಬರೆಯುವ ಎಳೆಗಳು ಇಲ್ಲಿ ಸಿಗುತ್ತವೆ. ಅವನ್ನು ಮೂಲ ತೀರ್ಪಿನ ಜೊತೆ ಹೋಲಿಸಿ, ಓಬಿಟರ್ (ತೀರ್ಪಿನಲ್ಲಿ ಪ್ರಾಸಂಗಿಕವಾಗಿ ಬಂದ ಮಾತು) ಅನ್ನು ರೇಶಿಯೊ (ತೀರ್ಮಾನಕ್ಕೆ ಆಧಾರವಾದ ತತ್ವ) ಎಂದು ಬರೆದದ್ದನ್ನು ಹಿಡಿಯುವುದು ಒಳ್ಳೆಯ ಅಭ್ಯಾಸ. ಇಂಟರ್ನೆಟ್ ಕಾನೂನು ಕಲಿಸುವವರಿಗಂತೂ ಈ ಕಂಪನಿಯೇ ನಮ್ಮ ಹೈಕೋರ್ಟಿನ ಕಕ್ಷಿದಾರ. ಐಟಿ ಕಾಯ್ದೆಯ 69ಎ ಅಡಿ ಸರ್ಕಾರ ಕೊಟ್ಟ ಬ್ಲಾಕಿಂಗ್ ಆದೇಶಗಳ ವಿರುದ್ಧದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2023ರ ಜೂನ್ 30ರಂದು 50 ಲಕ್ಷ ರೂಪಾಯಿ ವೆಚ್ಚದೊಂದಿಗೆ ವಜಾ ಮಾಡಿತು. ಪೋಸ್ಟ್ ತೆಗೆಯುವಂತೆ ಸರ್ಕಾರ ನೋಟಿಸ್ ಕಳಿಸುವ ಸಹಯೋಗ್ ಪೋರ್ಟಲ್ ವಿರುದ್ಧದ ಅರ್ಜಿ 2025ರ ಸೆಪ್ಟೆಂಬರ್ 24ರಂದು ವಜಾ ಆಯಿತು. ಇವೆರಡನ್ನೂ ಐಟಿ ಕಾಯ್ದೆಯ 66ಎ ರದ್ದು ಮಾಡಿದ 2015ರ ಶ್ರೇಯಾ ಸಿಂಘಾಲ್ ತೀರ್ಪಿನ ಪಕ್ಕದಲ್ಲಿಟ್ಟು ಓದಿಸಿದರೆ ಒಂದು ತಿಂಗಳ ಪಾಠ.

ವಿದ್ಯಾರ್ಥಿಗಳಿಂದ ಕಡ್ಡಾಯವಾಗಿ ಟ್ವೀಟ್ ಬರೆಸುವುದನ್ನು ನಾವು ಒಪ್ಪುವುದಿಲ್ಲ. 2020ರಲ್ಲಿ ಎರಡು ಟ್ವೀಟಿಗಾಗಿ ಪ್ರಶಾಂತ್ ಭೂಷಣ್ ನ್ಯಾಯಾಂಗ ನಿಂದನೆಯ ದೋಷಿಯಾದರು, ಒಂದು ರೂಪಾಯಿ ದಂಡ, ಕಟ್ಟದಿದ್ದರೆ ಮೂರು ತಿಂಗಳ ಸೆರೆ ಮತ್ತು ಮೂರು ವರ್ಷ ಸುಪ್ರೀಂ ಕೋರ್ಟಿನಲ್ಲಿ ವಕೀಲಿಗೆ ತಡೆ ಎಂದಾಯಿತು. ಹಿರಿಯ ವಕೀಲರಿಗೆ ಅದನ್ನು ಎದುರಿಸುವ ಬಲವಿತ್ತು. ಅಂಕಕ್ಕಾಗಿ ಬರೆದ ಇಪ್ಪತ್ತರ ಹುಡುಗಿಗೆ ಇರುವುದಿಲ್ಲ. ಅತ್ಯಾಚಾರ ಸಂತ್ರಸ್ತೆಯ ಗುರುತು ಹೇಳುವುದು ಬಿಎನ್‌ಎಸ್ 72ರ ಅಡಿ ಅಪರಾಧ, ಆಕ್ರೋಶದಲ್ಲಿ ಬರೆದವರು ಇದನ್ನು ಮರೆಯುತ್ತಾರೆ. 280 ಅಕ್ಷರದಲ್ಲಿ ತೀರ್ಪಿನ ಸಾರ ಬರೆಯುವ ಅಭ್ಯಾಸ ಬೇಕಿದ್ದರೆ ಕಾಗದದ ಮೇಲೆ ಬರೆಸಿ. ಅಂಕ: 5.

ಇನ್‌ಸ್ಟಾಗ್ರಾಂ ರೀಲ್ ಕಾನೂನು ಅರಿವು ಘಟಕದ ಕೆಲಸಕ್ಕೆ ಒದಗುತ್ತದೆ: 90 ಸೆಕೆಂಡು, ಒಂದೇ ವಿಷಯ, ಆಡುಗನ್ನಡ, ಕೊನೆಯ ಚಿತ್ರದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ‘ಸಲಹೆಗೆ ಡಿಎಂ ಮಾಡಿ’ ಎಂಬ ಸಾಲು ಬರಕೂಡದು. ವಿದ್ಯಾರ್ಥಿ ಇನ್ನೂ ವಕೀಲನಲ್ಲ, ಸನ್ನದು ಬಂದ ಮೇಲೂ ಬಾರ್ ಕೌನ್ಸಿಲಿನ 36ನೇ ನಿಯಮ ಕೆಲಸ ಬೇಡುವ ಜಾಹೀರಾತನ್ನು ತಡೆಯುತ್ತದೆ.

ಸೆಮಿಸ್ಟರ್ ಮುಗಿದ ಮೇಲೆ ಗ್ರೂಪನ್ನು ಹಾಗೇ ಬಿಡಬೇಡಿ. ಅಂಕಕ್ಕೆ ಬಳಸಿದ ಚಾಟ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿ, ಹ್ಯಾಶ್ ತೆಗೆದು, ಅದನ್ನು ಫೈಲಿನ ಹೆಸರು ಮತ್ತು ದಿನಾಂಕದ ಜೊತೆ ವಿಭಾಗದ ರಿಜಿಸ್ಟರಿನಲ್ಲಿ ಬರೆದು ಇಬ್ಬರು ವಿದ್ಯಾರ್ಥಿಗಳ ಸಹಿ ಹಾಕಿಸಿ. ಅಂಕದ ತಕರಾರು ಬಂದರೆ ನೋಡಬೇಕಾದದ್ದು ಆ ಪುಟ. ಆಮೇಲೆ ಲಿಂಕ್ ರಿಸೆಟ್ ಮಾಡಿ, ಸದಸ್ಯರನ್ನು ತೆಗೆದು, ಗ್ರೂಪ್ ಮುಚ್ಚಿ.